ಕ್ಯಾಮೆರಾಕ್ಕೊಂದು ತಳ, ತಳಕ್ಕೊಂದು ಹಿಡಿಕೆ

ಹಿಡಿಕೆಯ ವಿಷಯದಲ್ಲಿ ದೇವರಿಗಿಂತ ನಮ್ಮ ಕಮ್ಮಾರ, ಬಡಿಗೇರರೇ ಜಾಣರು ಎಂದು ನಾನು ಬಹಳ ದಿನಗಳಿಂದ ನಂಬಿದ್ದೇನೆ. ದೇವರು ಕಲ್ಲಂಗಡಿ ಹಣ್ಣಿಗೆ ಹಿಡಿಕೆ ಇಡಲು ಮರೆತ. ಎಮ್ಮೆಗೆ ಇಟ್ಟ, ಆದರೆ ಹಿಂದುಗಡೆ ಇಟ್ಟ. ಅಲ್ಲಿ ಹಿಡಿದವನಿಗೆ ಏನು ಸಿಗುತ್ತದೆಂಬುದು ಹಿಡಿದವನಿಗೇ ಗೊತ್ತು. ಅದೇ ನಮ್ಮ ಕಮ್ಮಾರನ ಕುಡಗೋಲು ನೋಡಿ, ಬಡಿಗೇರನ ಕೊಡಲಿ ಕಾವು ನೋಡಿ, ಅಡುಗೆ ಮನೆಯ ಸವಟು ನೋಡಿ. ಕೈ ಹೋದ ಕೂಡಲೇ ಕೈಗೆ ಅಂಟಿಕೊಳ್ಳುತ್ತದೆ. ಇಷ್ಟೆಲ್ಲ ತಿಳಿದ ಜಗತ್ತಿನಲ್ಲಿ ಜರ್ಮನಿಯವನೊಬ್ಬ ಸಬಕಾರದ ಬಿಲ್ಲೆಯಷ್ಟು ನುಣುಪಾದ ಕ್ಯಾಮೆರಾ ಮಾಡಿ, ಅದನ್ನು ಎಲ್ಲಿ ಹಿಡಿಯಬೇಕೆಂದು ಹೇಳದೆ ಕೈಬಿಟ್ಟನಲ್ಲ, ಅವನ ಊರಿನಲ್ಲಿ ಬೇಸಿಗೆಯೇ ಇಲ್ಲವೆಂದು ತೋರುತ್ತದೆ. ಕೊಪ್ಪಳದ ಬಿಸಿಲಿನಲ್ಲಿ ಬೆವರಿದ ಕೈಯಲ್ಲಿ ಅದನ್ನು ಹಿಡಿಯುವುದೂ ಒಂದೇ, ಹೊಳೆಯಲ್ಲಿ ಬರಿಗೈಯಿಂದ ಮೀನು ಹಿಡಿಯುವುದೂ ಒಂದೇ.

ನಾನು ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವನು. ಹೈದರಾಬಾದ್ ಸರಕಾರದ ಶಾಲೆ, ಬೇಗ ಬಿಟ್ಟೆ. ಮಾಸ್ತರರು ಉರ್ದುವಿನಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ, ನಾನು ಕನ್ನಡದಲ್ಲಿ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಇಬ್ಬರ ಮರ್ಯಾದೆಯೂ ಉಳಿಯಲಿ ಎಂದು ನಾನೇ ಎದ್ದು ಬಂದೆ. ಆಮೇಲೆ ಕಲಿತದ್ದೆಲ್ಲ ಈ ಎರಡು ಕೈಗಳಿಂದ. ಫೋಟೋ ತೆಗೆಯುವುದನ್ನೂ ಹಾಗೆಯೇ ಕಲಿತೆ. ಮುಕ್ಕಾಲಿ ಮೇಲೆ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ತೂರಿಸುವ ದೊಡ್ಡ ಕ್ಯಾಮೆರಾ ಇತ್ತು. ಅದನ್ನು ಮಾರಿ, ಹೈದರಾಬಾದಿನ ಕಡೆಗೆ ವರ್ಗವಾಗಿ ಹೊರಟಿದ್ದ ಎಂಜಿನಿಯರ್ ಸಾಹೇಬರೊಬ್ಬರಿಂದ ಈ ಸಣ್ಣದನ್ನು ಕೊಂಡೆ. ಇದರ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿಗಿರುವ ಒಬ್ಬನೇ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಮುಂದಿನ ಉಂಗುರ ತಿರುಗಿಸುತ್ತ ಹೋದರೆ ಇಬ್ಬರೂ ಬಂದು ಒಬ್ಬನಲ್ಲಿ ಸೇರುತ್ತಾರೆ; ಸೇರಿದರೆಂದರೆ ದೂರ ಸರಿಯಾಯಿತೆಂದು ಅರ್ಥ. ಓಡುವ ಕುದುರೆಯನ್ನೂ ಹಿಡಿಯಬಲ್ಲ ಯಂತ್ರ. ಆದರೆ ಸೈಕಲ್ ಚೈನು ಎಳೆದೆಳೆದು ದಪ್ಪಗಾದ ನನ್ನ ಅಂಗೈಯಲ್ಲಿ ಅದು ಪೂರಾ ಮುಳುಗಿಹೋಗುತ್ತಿತ್ತು. ಕುಷ್ಟಗಿಯ ಮದುವೆಯೊಂದರಲ್ಲಿ ಬೀಗರು, "ಫೋಟೋದಾವ್ರು ಬಂದಾರ ಖರೆ, ಪೆಟ್ಟಿಗಿ ಹಿಂದಿನ ಬಂಡ್ಯಾಗ ಬರಾಕತ್ತೈತೇನು?" ಎಂದು ಕೇಳಿದ್ದರು. ಆಗ ನಾನು ಅವರ ಫೋಟೋವನ್ನೇ ತೆಗೆಯುತ್ತಿದ್ದೆ.

ಇದರ ತಳ ಒಂದು ಬೇರೆಯೇ ಕತೆ. ಫಿಲ್ಮ್ ಹಾಕಬೇಕಾದರೆ ಕೆಳಗಿನ ಕೀಲಿ ತಿರುಗಿಸಿ ತಳದ ಮುಚ್ಚಳವನ್ನೇ ಪೂರಾ ಕಳಚಬೇಕು. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಫಿಲ್ಮ್, ಮುಚ್ಚಳವನ್ನು ಎಲ್ಲಿಡಬೇಕು? ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ವಿರೂಪಾಪುರಗಡ್ಡೆಗೆ ಹರಿಗೋಲಿನಲ್ಲಿ ಹೋಗುವಾಗ ನಾನು ಹಾಗೆಯೇ ಕಚ್ಚಿಕೊಂಡು ಕೂತಿದ್ದೆ. ಹುಟ್ಟು ಹಾಕುತ್ತಿದ್ದ ಅಂಬಿಗ ಬಹಳ ಹೊತ್ತು ನನ್ನನ್ನೇ ನೋಡಿ, "ಸಾಹುಕಾರ್ರ, ನೀವು ಏನ್ ಕಸಬು ಮಾಡ್ತೀರಿ?" ಎಂದ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನೆ ತಲೆಯಾಡಿಸಿ ಬಿಡುತ್ತಿದ್ದರು. ನನ್ನ ಕಸಬಿನ ಬಗ್ಗೆ ಯಾರೇ ಕೇಳಲಿ, ನಾನು ಬಾಯಿ ಮುಚ್ಚಿಕೊಂಡು ಇರುವವನಲ್ಲ. "ಫೋಟೋಗ್ರಾಫರ್" ಎಂದೆ. ಆ ಮಾತಿನ ಮೊದಲಕ್ಷರಕ್ಕೇ ಮುಚ್ಚಳ ತುಂಗಭದ್ರೆಯ ಪಾಲಾಯಿತು.

ಸಿಕಂದರಾಬಾದಿನ ಅಂಗಡಿಗೆ ಬರೆಸಿ ಕೇಳಿದರೆ, ಜರ್ಮನಿಯ ಮೇಲೆ ಯುದ್ಧ ನಡೆದಿದೆ, ಅಲ್ಲಿಂದ ಒಂದು ತಿರುಪು ಕೂಡ ಬರುವುದಿಲ್ಲ, ಬೇಕಾದರೆ ಇಲ್ಲಿಯದೇ ಒಂದು ತಳ ಕಳಿಸುತ್ತೇವೆ ಎಂದರು. ಕಳಿಸಿದರು. ಡಬ್ಬಿಯ ತಗಡಿನಂಥ ತೆಳುವಾದ ತಳ, ಅದಕ್ಕೊಂದು ಕಿರುಬೆರಳಿನಂಥ ಹಿಡಿಕೆ. ನನ್ನ ಹೆಂಡತಿ ಗೌರವ್ವ ಅದನ್ನು ಹಿಡಿದು ನೋಡಿ, "ಇದು ಕೂಸಿಗೆ ಹಾಲು ಕುಡಿಸೂ ಒಳಲಿ ಆಗಾಕ ಛಲೋ ಐತ್ರಿ" ಎಂದಳು. ನಾನು ಕೇಳಲಿಲ್ಲ. ತಳದ ಸಂದಿಯಿಂದ ಬೆಳಕು ಒಳನುಗ್ಗಿ, ಗಂಗಾವತಿಯ ವ್ಯಾಪಾರಿಯೊಬ್ಬರ ಇಡೀ ಕುಟುಂಬದ ಫೋಟೋದಲ್ಲಿ ಆ ಮನೆಯ ಅತ್ತೆಯವರ ತಲೆಯ ಸುತ್ತ ಬೆಳ್ಳಗೆ ಪ್ರಭಾವಳಿ ಬಿತ್ತು. ಅತ್ತೆಯವರಿಗೆ ಅದು ಬಹಳ ಹಿಡಿಸಿತು. ಸೊಸೆಯಂದಿರಿಗೆ ಹಿಡಿಸಲಿಲ್ಲ. ದುಡ್ಡು ಕೊಡುವವರು ಸೊಸೆಯಂದಿರ ಗಂಡಂದಿರಾದ್ದರಿಂದ ನಾನು ತಳ ಬದಲಿಸಬೇಕಾಯಿತು.

ಆಮೇಲೆ ಕಿನ್ನಾಳಕ್ಕೆ ಹೋದೆ. ಅಲ್ಲಿಯ ಗೊಂಬೆ ಮಾಡುವವರ ಕೈಯಲ್ಲಿ ಹಗುರ ಕಟ್ಟಿಗೆ ಬೆಣ್ಣೆಯಂತೆ ಮಾತು ಕೇಳುತ್ತದೆ. "ಬರೀ ಒಂದು ತಳ, ಒಂದು ಹಿಡಿಕಿ. ಏನೂ ಚಿತ್ತಾರ ಬ್ಯಾಡ" ಎಂದು ಹೇಳಿ ಬಂದೆ. ಬೋಳು ಕಟ್ಟಿಗೆಯನ್ನು ಮನೆಯಿಂದ ಹೊರಗೆ ಕಳಿಸುವುದು ಆ ಮನೆತನಕ್ಕೆ ಅವಮಾನವೆಂದು ನನಗೇನು ಗೊತ್ತು? ತರಲು ಹೋದಾಗ ಹಿಡಿಕೆ ಗಿಳಿಯಾಗಿತ್ತು. ಹಸಿರು ಮೈ, ಕೆಂಪು ಕೊಕ್ಕು, ಕೊರಳಿಗೆ ಬಂಗಾರದ ಬಣ್ಣದ ಪಟ್ಟಿ. "ಹಿಡಿಕಿ ಕೇಳಿದ್ನಲ್ರಿ" ಎಂದೆ. "ಹಿಡಿಕೀನ ಅದು. ಗಿಳಿ ಹಿಡ್ಕೊಂಡ್ರ ಕೈ ಗಟ್ಟಿ ಇರ್ತೈತಿ, ಯಾಕಂದ್ರ ಬಿಟ್ರ ಹಾರಿ ಹೊಕ್ಕೈತಿ ಅಂತ ಮನಸಿನ್ಯಾಗ ಇರ್ತೈತಲ್ರಿ" ಎಂದ ಗೊಂಬೆಯವನು. ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಆದರೆ ನನ್ನ ಬೆವರಿಗೆ ಗಿಳಿಯ ಬಣ್ಣ ಇಳಿಯತೊಡಗಿತು. ಬಡ್ತಿ ಸಿಕ್ಕ ಗುಮಾಸ್ತರೊಬ್ಬರ ಸನ್ಮಾನದ ಫೋಟೋಕ್ಕೆ ಹೋದವನು, ನಡುವೆ ಮುಖ ಒರೆಸಿಕೊಂಡೆ. ಆ ಫೋಟೋದಲ್ಲಿ ಗುಮಾಸ್ತರೂ ಅವರ ಮೇಲಿನ ಸಾಹೇಬರೂ ಕೂಡಿ ತುಟಿ ಕಚ್ಚಿ ನಿಂತಿದ್ದಾರೆ. ಮನೆಗೆ ಬಂದಾಗ ಗೌರವ್ವ, "ಯಾವ ನಾಟಕದಾಗ ಪಾರ್ಟ್ ಸಿಕ್ತ್ರಿ?" ಎಂದು ಕೇಳಿದ ಮೇಲೆಯೇ ನನಗೆ ಕಾರಣ ತಿಳಿದದ್ದು.

ಕೊನೆಗೆ ಉಳಿದದ್ದು ಹಿತ್ತಾಳೆ. ನಮ್ಮ ಓಣಿಯ ಕಂಚುಗಾರ ಕಾಳಪ್ಪ ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ದಪ್ಪ ತಳ ಬಡಿದು, ತಂಬಿಗೆಯ ಕಂಠದಂತೆ ಬಾಗಿದ ಹಿಡಿಕೆಯೊಂದನ್ನು ಅದಕ್ಕೆ ಬೆಸೆದುಕೊಟ್ಟ. ಕೈ ಹಾಕಿದೆ. ನಾಲ್ಕೂ ಬೆರಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಸಂದಿಯಿಲ್ಲ, ಬೆಳಕಿಲ್ಲ, ಬಣ್ಣವಿಲ್ಲ. ತೂಕ ಮಾತ್ರ ಕ್ಯಾಮೆರಾಕ್ಕಿಂತ ಹೆಚ್ಚಾಯಿತು. "ತೂಕ ಇರಬೇಕ್ರಿ, ಅಂದ್ರ ಮಂದಿ ನಂಬ್ತಾರ" ಎಂದ ಕಾಳಪ್ಪ. ಅದೂ ನಿಜವಾಯಿತು. ಅಂದಿನಿಂದ ಪೆಟ್ಟಿಗೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ನನ್ನ ನಡಿಗೆಯೂ ಸ್ವಲ್ಪ ಬದಲಾಯಿತೆಂದು ಗೌರವ್ವ ಹೇಳುತ್ತಾಳೆ. ತೂಕ ಬಲಗೈಯಲ್ಲಿ ಇದ್ದುದರಿಂದ ಎಡಗಡೆ ವಾಲಿ ನಡೆಯುತ್ತಿದ್ದೆ ಅಷ್ಟೇ, ಗರ್ವವೇನೂ ಅಲ್ಲ.

ಅದೇ ಹೊತ್ತಿಗೆ ಯಲಬುರ್ಗಾ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿ ಮೇಲಿನ ಮನೆ ಗೌಡರು, ಕೆಳಗಿನ ಮನೆ ಗೌಡರು ಎಂದು ಎರಡು ಮನೆತನ. ಕಾರಹುಣ್ಣಿವೆಯ ಸಂಜೆ ಊರ ಅಗಸಿ ಬಾಗಿಲಿಗೆ ಬೇವಿನ ತೋರಣ ಕಟ್ಟಿ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರಲ್ಲ, ಅದರಲ್ಲಿ ಮೇಲಿನ ಮನೆಯ ಬಿಳಿ ಎತ್ತು ಮೊದಲು ದಾಟಿದರೆ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆ, ಕೆಳಗಿನ ಮನೆಯ ಕೆಂದೆತ್ತು ದಾಟಿದರೆ ಮುಂಗಾರಿ ಬೆಳೆ ಎಂದು ಊರಿನ ನಂಬಿಕೆ. ಹಿಂದಿನ ವರ್ಷ ಎರಡೂ ಕೂಡಿಯೇ ದಾಟಿದ್ದವು. ಯಾವುದರ ಮೂಗು ಮುಂದಿತ್ತೆಂಬ ವಾದದಲ್ಲಿ ಗೌಡರಿಬ್ಬರೂ ಮಾತು ಬಿಟ್ಟರು. ಸೋದರಮಾವ, ಅಳಿಯ ಬೇರೆ. ಎರಡು ಮನೆಯ ಹೆಣ್ಣುಮಕ್ಕಳು ಬಾವಿಗೂ ಬೇರೆ ಬೇರೆ ಹೊತ್ತಿಗೆ ಹೋಗತೊಡಗಿದರು. ಊರಿನ ಹಿರಿಯರು ನನ್ನ ಅಂಗಡಿಗೆ ಬಂದು, ಈ ಸಲ ಫೋಟೋದಲ್ಲಿಯೇ ನ್ಯಾಯ ಆಗಲಿ ಎಂದರು. ಗದಗಿನ ಕಡೆಯ ದೊಡ್ಡ ಕ್ಯಾಮೆರಾದವನನ್ನು ಕರೆಸೋಣವೆಂದು ಕೆಲವರ ಮಾತಂತೆ. ಅದನ್ನು ಕೇಳಿದ ಕೂಡಲೇ ನಾನು ಎದ್ದು ನಿಂತೆ. "ಯಾವ ಎತ್ತು ಮೊದಲು ಅಂತ ನನ್ನ ಫೋಟೋ ಹೇಳದಿದ್ರ, ಅಂಗಡಿ ಮುಚ್ಚಿ ಮತ್ತ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕ್ತೀನ್ರಿ" ಎಂದೆ. ಒಳಗಿನಿಂದ ಗೌರವ್ವ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲವೆಂದು ತಿಳಿಯುವಷ್ಟು ವರ್ಷ ನಾನು ಸಂಸಾರ ಮಾಡಿದ್ದೆ.

ಹೊರಡುವ ಮುಂಜಾನೆ ಫಿಲ್ಮ್ ಹಾಕಲು ತಳ ಹುಡುಕಿದರೆ ಗೋಡೆಯ ಗೂಡಿನಲ್ಲಿ ಇಲ್ಲ. ಹಿತ್ತಿಲಲ್ಲಿ ಸಿಕ್ಕಿತು. ಹಬ್ಬವೆಂದು ದೀಪದ ಕಂಬ, ತಂಬಿಗೆ, ಆರತಿ ತಟ್ಟೆಗಳ ಜೊತೆಗೆ ಗೌರವ್ವ ಅದನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿದ್ದಳು. "ಮನಿಯಾಗಿನ ಹಿತ್ತಾಳಿ ಎಲ್ಲಾ ಬೆಳಗಿ, ನಿಮ್ಮದೊಂದ ಕರ್ರಗ ಇಟ್ರ ಮಂದಿ ಯಾರಿಗೆ ಅಂತಾರ? ನನಗ ಅಂತಾರ" ಎಂದಳು. ಮುಖ ನೋಡಿಕೊಂಡು ಮೀಸೆ ತಿದ್ದುವಷ್ಟು ಹೊಳೆಯುತ್ತಿತ್ತು. ನಾನು ತಿದ್ದಿಕೊಂಡೂ ಹೊರಟೆ.

ಸಂಜೆ ಅಗಸಿಯ ಪಕ್ಕದಲ್ಲಿ ನಿಂತೆ. ಎತ್ತುಗಳು ಪಡುವಣ ದಿಕ್ಕಿನಿಂದ ಬರಬೇಕು; ಅವುಗಳ ಬೆನ್ನಿಗೆ ಇಳಿಹೊತ್ತಿನ ಸೂರ್ಯ. ತೋರಣವೂ ಬೇಕು, ಕಾಲೂ ಬೇಕು ಎಂದು ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದೆ. ಹಲಗೆಗಳು ಮೊಳಗಿದವು, ಮಂದಿ ಕೂಗಿತು, ಕೊಂಬಿಗೆ ಬಣ್ಣ ಬಳಿದುಕೊಂಡ ಎರಡೂ ಎತ್ತುಗಳು ಧೂಳೆಬ್ಬಿಸುತ್ತ ಬಂದವು. ಬಿಳಿಯದು ಒಂದು ಮೊಳ ಮುಂದಿತ್ತು. ನಾನು ಉಸಿರು ಹಿಡಿದು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಬಿಳಿ ಎತ್ತು ಮುಂಗಾಲು ಊರಿ ಗಕ್ಕನೆ ನಿಂತುಬಿಟ್ಟಿತು. ಅದರ ಮುಖದ ಮೇಲೆ ತಟ್ಟೆಯಷ್ಟು ಅಗಲದ ಬೆಳಕು ಕುಣಿಯುತ್ತಿತ್ತು. ಕೆಂದೆತ್ತು ಪಕ್ಕದಿಂದ ನುಗ್ಗಿ ತೋರಣ ಹರಿದುಕೊಂಡು ಊರೊಳಗೆ ಹೋಯಿತು. ನಾನು ಗುಂಡಿ ಒತ್ತಿದೆ.

ಹಲಗೆ ನಿಂತವು. ಮೇಲಿನ ಮನೆ ಗೌಡರು ನಡೆದು ಬಂದು ನನ್ನ ಕೈ ಹಿಡಿದು, ಹಿತ್ತಾಳೆಯ ತಳವನ್ನು ಸೂರ್ಯನ ಕಡೆ ಹೊರಳಿಸಿದರು. ಬೆಳಕಿನ ತುಂಡು ಅಗಸಿಯ ಗೋಡೆಯ ಮೇಲೆ ಓಡಾಡಿತು. "ನನ್ನ ಎತ್ತು ಸೋತಿಲ್ಲ. ಇವನ ತಾಟು ಸೋಲಿಸೇತಿ" ಎಂದರು. ಇನ್ನು ಕೆಳಗಿನ ಮನೆಯವರು ಬಡಿಗೆ ಎತ್ತುತ್ತಾರೆಂದು ಮಂದಿ ಹಿಂದೆ ಸರಿಯಿತು. ಕೆಳಗಿನ ಮನೆ ಗೌಡರು ಮುಂದೆ ಬಂದು ಗೋಡೆಯ ಮೇಲಿನ ಬೆಳಕನ್ನೂ ನನ್ನ ಮುಖವನ್ನೂ ನೋಡಿದರು. "ಹಂಗಾದ್ರ ನನ್ನ ಎತ್ತೂ ಗೆದ್ದಿಲ್ಲಂದಂಗಾತು. ಕಾಲಿನ ಬಲದಿಂದ ಗೆದ್ದಿದ್ರ ಮೀಸಿ ತಿರುವತಿದ್ದೆ. ಇವನ ಹೊಳಪಿನ ಧರ್ಮದಿಂದ ಗೆದ್ದದ್ದು ಎಂಥಾ ಗೆಲುವು?" ಎಂದು ಮೇಲಿನ ಮನೆಯವರ ಕಡೆ ಹೊರಳಿ, "ನೀ ಹೇಳೂದು ಖರೆ ಐತಿ, ಮಾವ" ಎಂದರು.

ವರ್ಷದ ಮೇಲೆ ಇಬ್ಬರ ನಡುವೆ ಬಂದ ಮೊದಲ ಮಾತು ಅದು. ಮೇಲಿನ ಮನೆ ಗೌಡರು ಗಂಟಲು ಸರಿಮಾಡಿಕೊಂಡು, "ನೀನರ ಹೇಳು ಅಳಿಯಾ, ಇಂಥಾವನ್ನ ಕರೆಸಿದ್ದು ಯಾರು?" ಎಂದರು. "ಊರ ಹಿರ್ಯಾರು, ಮಾವ. ಅವರಿಗೆ ಬುದ್ಧಿ ಎಲ್ಲೈತಿ." ಆಮೇಲೆ ಮಾವ ಅಳಿಯ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು, ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದು, ನನ್ನನ್ನು ಬೈದರು. ಬೈಗಳ ನಡುವೆ ಒಬ್ಬರ ಎಲೆ ಅಡಿಕೆ ಚಂಚಿ ಇನ್ನೊಬ್ಬರ ಕೈಗೆ ಹೋಯಿತು. ನಾನು ತಲೆ ತಗ್ಗಿಸಿ ನಿಂತಿದ್ದೆನಾದರೂ, ಯಾವ ಎತ್ತು ಮೊದಲು ದಾಟಿತೆಂಬುದು ಫೋಟೋದಲ್ಲಿ ಬಂದೇ ಬರುತ್ತದೆ, ಆದ್ದರಿಂದ ಅಂಗಡಿ ಮುಚ್ಚುವ ಪ್ರಶ್ನೆ ಏಳುವುದಿಲ್ಲವೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಬೈದು ದಣಿದ ಮೇಲೆ ಮೇಲಿನ ಮನೆ ಗೌಡರು, "ಬಂದಿದ್ದಕ್ಕ ನಮ್ಮಿಬ್ಬರದೂ ಒಂದು ತೆಗಿ. ಆದ್ರ ಆ ತಾಟು ಬಿಚ್ಚಿಡು" ಎಂದರು.

"ಬಿಚ್ಚಿದ್ರ ಒಳಗಿನ ಫಿಲ್ಮ್ ಬೆಳಕಿಗೆ ಸಾಯ್ತೈತ್ರಿ."

"ಹಂಗಾದ್ರ ಅರಿಬಿ ಸುತ್ತು. ನಮ್ಮ ಕಣ್ಣಿಗೆ ಹೊಡೀಬಾರದು, ಅಷ್ಟ."

ಅರಿವೆ ಎಲ್ಲಿಂದ ತರಬೇಕು? ಹೆಗಲ ಮೇಲಿನ ವಲ್ಲಿ ಎತ್ತಿನ ಗದ್ದಲದಲ್ಲಿ ಎಲ್ಲೋ ಹೋಗಿತ್ತು. ತಹಸೀಲ್ದಾರರ ಎದುರಿನಲ್ಲೂ ತೆಗೆಯದ ತಲೆಯ ರುಮಾಲನ್ನು ಬಿಚ್ಚಿ ಕ್ಯಾಮೆರಾದ ತಳಕ್ಕೆ ಸುತ್ತಿದೆ. ಇಳಿಬಿಸಿಲು ನನ್ನ ಬರಿತಲೆಯ ಮೇಲೆ ಬಿತ್ತು. ಕಿಂಡಿಯಲ್ಲಿ ಕಣ್ಣಿಟ್ಟು, "ಅಲುಗ್ಯಾಡಬ್ಯಾಡ್ರಿ" ಎಂದೆ.

ಎರಡು ಫೋಟೋಗಳೂ ಬಂದವು. ಮೊದಲನೆಯದರಲ್ಲಿ ಬಿಳಿ ಎತ್ತು ಮದುವೆ ಗಂಡಿನಂತೆ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿದೆ. ಗೆದ್ದ ಎತ್ತಿನದು ಬಾಲ ಮಾತ್ರ ಬಂದಿದೆ. ಎರಡನೆಯದನ್ನು ನನ್ನ ಅಂಗಡಿಯ ಬಾಗಿಲಲ್ಲೇ ತೂಗುಹಾಕಿದ್ದೇನೆ. ಫೋಟೋ ಎಂದರೆ ಮುಖ ಗಂಟು ಹಾಕಿಕೊಳ್ಳುವ ಈ ಸೀಮೆಯಲ್ಲಿ ದೊಡ್ಡ ಮನೆತನದ ಗೌಡರಿಬ್ಬರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಹಾಕಿ, ಹಲ್ಲು ಕಾಣುವಂತೆ ನಗುತ್ತಿರುವ ಫೋಟೋ ಬೇರೆ ಇಲ್ಲ. ನೋಡಿದವರೆಲ್ಲ, ಇವರನ್ನು ಹೇಗೆ ನಗಿಸಿದಿರಿ ಎಂದು ಕೇಳುತ್ತಾರೆ. ಅದು ಕಸಬಿನ ಗುಟ್ಟು ಎಂದು ಹೇಳಿ, ರುಮಾಲನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಳ್ಳುತ್ತೇನೆ. ಅದರ ಕೆಳಗಿರುವುದನ್ನು ಗೌರವ್ವ ಬೆಳಗಿದ್ದಲ್ಲ. ಅದು ತಾನಾಗಿಯೇ ಆ ಹೊಳಪಿಗೆ ಬಂದದ್ದು.