ವೆನಿಸ್ ಮೇಲೆ ನಮ್ಮ ಕಾಕಾನ ಸಿಟ್ಟು

ನಮ್ಮ ಕಾಕಾ ಒಂದು ಊರಿನ ಜೊತೆ ಜಗಳವಾಡಿಕೊಂಡಿದ್ದರು. ಊರಿನ ಯಾರೋ ಒಬ್ಬರ ಜೊತೆ ಅಲ್ಲ, ಇಡೀ ಊರಿನ ಜೊತೆ! ಪಕ್ಕದ ಊರಾಗಿದ್ದರೆ ನಾಲ್ಕು ಜನ ಹಿರಿಯರನ್ನು ಕೂರಿಸಿ ರಾಜಿ ಮಾಡಿಸಬಹುದಿತ್ತು. ಅದು ಇರುವುದು ದೂರದ ಇಟಲಿಯಲ್ಲಿ, ಸಮುದ್ರದ ನೀರಿನ ಮೇಲೆ. ಹೆಸರು ವೆನಿಸ್. ಜಗಳದ ವಿಷಯವೋ, ಏಳೆಂಟು ನೂರು ವರ್ಷ ಹಳೆಯದು. ರಾಜಿ ಮಾಡಿಸುವವರು ಎಲ್ಲಿಂದ ಬರಬೇಕು?

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಎಂಬತ್ತರ ದಶಕದಲ್ಲಿ ಅಫಜಲಪುರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರರು. ನಾನು ಅದೇ ಶಾಲೆಯಲ್ಲಿ ಹತ್ತನೇ ತರಗತಿ. ಮನೆಯಲ್ಲೂ ಅವರೇ, ಶಾಲೆಯಲ್ಲೂ ಅವರೇ. ನನ್ನ ಪಾಡು ನೀವೇ ಊಹಿಸಿಕೊಳ್ಳಿ!

ಪಠ್ಯಪುಸ್ತಕದಲ್ಲಿ ವೆನಿಸಿಗೆ ಇದ್ದದ್ದು ಅರ್ಧ ಪುಟ. ಹೊಲವಿಲ್ಲದ, ಕುಡಿಯಲು ಮಳೆನೀರನ್ನೇ ಕೂಡಿಟ್ಟುಕೊಳ್ಳುತ್ತಿದ್ದ ಊರು, ಹಡಗು ಕಟ್ಟಿ, ಉಪ್ಪು ಮಾರಿ, ಪೂರ್ವದೇಶಗಳ ಮೆಣಸು ಮಾರಿ ಶ್ರೀಮಂತವಾಯಿತು ಎಂದಷ್ಟೇ. ಆದರೆ ಕಾಕಾನ ಹತ್ತಿರ ಸೊಲ್ಲಾಪುರದ ಹಳೇ ಪುಸ್ತಕದಂಗಡಿಯಲ್ಲಿ ಕೊಂಡ, ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರ ಬಲದಿಂದ ಅವರು ಆ ಅರ್ಧ ಪುಟವನ್ನು ಮೂರು ವಾರ ಪಾಠ ಮಾಡಿದರು.

"ಧರ್ಮಯುದ್ಧಕ್ಕಂತ ಹೊಂಟ ಮಂದಿ ವೆನಿಸಿಗೆ ಬಂದ್ರು. ಹಡಗಿನ ಬಾಡಿಗಿ ಪೂರಾ ಕೊಡಾಕ ಆಗ್ಲಿಲ್ಲ. ಆವಾಗ ವೆನಿಸಿನವರು ಏನ್ ಮಾಡಿದ್ರು? ಅವರನ್ನs ಕರ್ಕೊಂಡು ಹೋಗಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ್ರು! ತಮ್ಮ ಮಂದಿ ತಲತಲಾಂತರದಿಂದ ಮನಿ ಮಾಡ್ಕೊಂಡು, ವ್ಯಾಪಾರ ಮಾಡ್ಕೊಂಡಿದ್ದ ಊರು! ಕಂಚಿನ ನಾಕು ಕುದುರಿ ಸುದ್ದಾ ಕಿತ್ಕೊಂಡು ಬಂದು ತಮ್ಮ ಗುಡಿ ಮ್ಯಾಲ ನಿಲ್ಲಿಸಿದ್ರು! ನಾಚಿಕಿ ಬ್ಯಾಡಲೇ?"

ಆ 'ಲೇ' ಬಂದದ್ದು ಮುಂದಿನ ಬೆಂಚಿನ ಹುಡುಗರಿಗೆ. ಕುದುರೆ ಕದ್ದವರು ತಾವೇ ಎನ್ನುವಂತೆ ಅವರು ತಲೆ ತಗ್ಗಿಸಿ ಕೂತಿರುತ್ತಿದ್ದರು!

ಒಮ್ಮೆ ಕಾಕಾ ನನ್ನನ್ನು ಗುಲಬರ್ಗಾಕ್ಕೆ ಕಣ್ಣು ತೋರಿಸಲು ಕರೆದುಕೊಂಡು ಹೊರಟಿದ್ದರು. ಬಸ್ಸಿನಲ್ಲಿ ಅವರ ಕೈಯಲ್ಲಿದ್ದ ಆ ಹರಿದ ಪುಸ್ತಕ ಕಂಡು ಪಕ್ಕದವನೊಬ್ಬ ಸುಮ್ಮನಿರಲಾರದೆ, "ಏನ್ ಓದಾಕತ್ತೀರಿ ಸರ?" ಎಂದು ಕೇಳಿಬಿಟ್ಟ. ಮುಗಿಯಿತು! ಚೌಡಾಪುರ ಬರುವ ಹೊತ್ತಿಗೆ, ಕಣ್ಣು ಕಾಣದ ವೆನಿಸಿನ ಮುದಿ ದೊರೆ ತಾನೇ ಹಡಗು ಹತ್ತಿ ಲೂಟಿಗೆ ಹೊರಟಿದ್ದ. ಕಾಕಾನ ದನಿ ಡ್ರೈವರನ ತನಕ ಕೇಳುತ್ತಿತ್ತು. ಎಲ್ಲ ಕೇಳಿಸಿಕೊಂಡ ಕಂಡಕ್ಟರ್ ಬಲು ವಿನಯದಿಂದ ಅಂದ:

"ಸರ, ನಮ್ಮ ಬಸ್ಸಿನ್ಯಾಗ ಕಣ್ಣು ಕಾಣದವರಿಗೆ ರಿಯಾಯಿತಿ ಐತ್ರಿ. ಅವರ ಹಡಗಿನ್ಯಾಗ ಇರಲಿಲ್ಲೇನ್ರಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಕಾಕಾ ಕೆಂಪಗಾಗಿ ಅಲ್ಲೇ ಇಳಿದುಬಿಟ್ಟರು. ಚೀಲ ಹೊತ್ತು ಅವರ ಹಿಂದೆ ಇಳಿದವಳು ನಾನು. ಮುಂದಿನ ಬಸ್ಸು ಬರುವವರೆಗೆ ಎರಡು ತಾಸು ಬಿಸಿಲಲ್ಲಿ ನಿಂತೆವು. ಅಷ್ಟರಲ್ಲಿ ಕಣ್ಣಿನ ಡಾಕ್ಟರು ಊಟಕ್ಕೆ ಎದ್ದು ಹೋಗಿದ್ದರು!

ಶಾಲೆಗೆ ಇನ್‌ಸ್ಪೆಕ್ಟರ್ ಬಂದ ದಿನ ಇದಕ್ಕಿಂತ ಕೆಟ್ಟದ್ದು. ಅಷ್ಟು ಜನರಲ್ಲಿ ಅವರು ಎಬ್ಬಿಸಿದ್ದು ನನ್ನನ್ನೇ.

"ವೆನಿಸ್ ಬಗ್ಗೆ ಒಂದು ವಾಕ್ಯ ಹೇಳವಾ."

"ಗೆಳ್ಯಾರ ಮನಿ ಲೂಟಿ ಮಾಡಿದವರ ಊರ್ರಿ ಸರ!"

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಕಾಕಾನ ಕಡೆ ನೋಡಿದರು. "ಮಾಸ್ತರ್ರ, ಇದು ಪುಸ್ತಕದಾಗ ಎಲ್ಲೈತ್ರಿ?"

"ಇಲ್ರಿ. ಅದs ನನ್ನ ತಕರಾರು."

"ಇನ್ನ ಮ್ಯಾಲ ಪುಸ್ತಕ ಬಿಟ್ಟು ಪಾಠ ಮಾಡಂಗಿಲ್ಲ ಅಂತ ಬರದು ಕೊಡ್ರಿ."

"ಬರದು ಕೊಡಂಗಿಲ್ರಿ."

ಎರಡು ತಿಂಗಳಲ್ಲಿ ಕಾಕಾನಿಗೆ ಜೇವರ್ಗಿ ಕಡೆಯ ಇಜೇರಿಗೆ ವರ್ಗವಾಯಿತು. ಹೋಗುವಾಗಲೂ ಬೈದದ್ದು ಇನ್‌ಸ್ಪೆಕ್ಟರನ್ನಲ್ಲ, ವೆನಿಸನ್ನೇ!

ಇಲ್ಲಿಯವರೆಗೆ ನಗುತ್ತಾ ಹೇಳಿದೆ. ಮುಂದಿನದನ್ನು ಬರೆಯುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಪಬ್ಲಿಕ್ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ವೆನಿಸ್ ನಗರದ ಏಳಿಗೆಗೆ ಕಾರಣಗಳೇನು? ಐದು ಅಂಕ. ನಾನು ಪೆನ್ನು ಎತ್ತಿದ್ದೇ ತಡ, ಹಡಗು, ಕುರುಡು ದೊರೆ, ಬೆಂಕಿ, ಕಂಚಿನ ಕುದುರೆ ಎಲ್ಲ ಒಂದರ ಹಿಂದೊಂದು ಬಂದವು. ಒಂಬತ್ತು ಪುಟ ಬರೆದೆ! ಲೂಟಿ ಮಾಡಿದವರನ್ನು ಬೈದು ಮುಗಿಸಿ ತಲೆಯೆತ್ತಿದರೆ ಕೊನೆಯ ಗಂಟೆ ಬಾರಿಸುತ್ತಿತ್ತು. ಭೂಗೋಳದ ನಕ್ಷೆ ಖಾಲಿ, ಪೌರನೀತಿ ಖಾಲಿ. ಸಮಾಜ ವಿಜ್ಞಾನದಲ್ಲಿ ಫೇಲು. ಇಡೀ ಶಾಲೆಯಲ್ಲಿ ಆ ವಿಷಯದಲ್ಲಿ ಫೇಲಾದವಳು ನಾನೊಬ್ಬಳೇ, ಸಮಾಜ ವಿಜ್ಞಾನದ ಮಾಸ್ತರರ ಅಣ್ಣನ ಮಗಳು! ನನ್ನ ಗೆಳತಿಯರು ಕಾಲೇಜಿನ ಅರ್ಜಿ ತುಂಬುತ್ತಿದ್ದರೆ ನಾನು ಓಣಿಯಲ್ಲಿ ಮುಖ ಎತ್ತಿ ನಡೆಯಲಾರದೆ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೆ.

ಫಲಿತಾಂಶ ಕೇಳಿ ಕಾಕಾ ಇಜೇರಿಯಿಂದ ಓಡಿ ಬಂದರು. ಚಪ್ಪಲಿ ಬಿಡುವ ಮೊದಲೇ ನಾನು ಕೂಗಾಡಿದೆ: "ನಿಮ್ಮ ಸಿಟ್ಟು ನಿಮ್ಮ ಹತ್ರ ಇಟ್ಕೋಬೇಕಿತ್ತು. ನನಗ್ಯಾಕ ಕಲಿಸಿದ್ರಿ?"

ಮನೆಯಲ್ಲಿ ಹಿರಿಯರಿಗೆ ಹಾಗೆ ಯಾರೂ ಮಾತಾಡಿದ್ದಿಲ್ಲ. ಅಪ್ಪ ಎದ್ದು ನಿಂತರು. ಕಾಕಾ ಅಪ್ಪನ ಕೈ ಹಿಡಿದು ಕೂರಿಸಿ, "ಆಕಿ ಬರೋಬ್ಬರಿ ಹೇಳ್ಯಾಳಣ್ಣಾ" ಎಂದರು.

ಅಂದಿನಿಂದ ಪ್ರತಿ ಭಾನುವಾರ ಅವರು ಬಸ್ಸು ಬದಲಿಸಿ ಬದಲಿಸಿ ಇಜೇರಿಯಿಂದ ಬರತೊಡಗಿದರು. ನನ್ನ ಸಿಟ್ಟು ಇಳಿದಿರಲಿಲ್ಲ. 'ಹೂಂ' ಬಿಟ್ಟರೆ ಬೇರೆ ಮಾತಿಲ್ಲ. ಅವರು ಅದೇ ಅರ್ಧ ಪುಟವನ್ನು ಬಾಯಿಪಾಠ ಮಾಡಿಸಿದರು. "ಉತ್ತಮ ಹಡಗುಗಳು. ಉಪ್ಪಿನ ವ್ಯಾಪಾರ. ಜಾಣ ವರ್ತಕರು." 'ಜಾಣ' ಎನ್ನುವಾಗ ಕುತ್ತಿಗೆಯ ನರ ಉಬ್ಬುತ್ತಿತ್ತು. ಆದರೂ ಒಂದೇ ಒಂದು ಬೈಗುಳ ಹೊರಬೀಳಲಿಲ್ಲ.

ಅಕ್ಟೋಬರಿನಲ್ಲಿ ಮರುಪರೀಕ್ಷೆ. ನನಗೆ ಸಿಕ್ಕ ಕೇಂದ್ರ ಆಳಂದ. ಕಾಕಾ ರಜೆ ಹಾಕಿ ಕರೆದುಕೊಂಡು ಹೋದರು. ಬರೆದು ಹೊರಗೆ ಬಂದಾಗ ಗೇಟಿನ ಹತ್ತಿರವೇ ನಿಂತಿದ್ದರು. ಪ್ರಶ್ನೆಪತ್ರಿಕೆ ಕಸಿದುಕೊಂಡು ಮೇಲಿಂದ ಕೆಳಗೆ, ಹಿಂದೆ ಮುಂದೆ ನೋಡಿದರು. ವೆನಿಸ್ ಬಗ್ಗೆ ಒಂದಕ್ಷರವಿಲ್ಲ!

"ನಾಕು ತಿಂಗಳು! ನಾಕು ತಿಂಗಳು ಆ ಕಳ್ಳರನ್ನ ಜಾಣರು ಜಾಣರು ಅಂತ ಹೊಗಳೇನಿ! ಒಂದು ಅಂಕಕ್ಕರೆ ಕೇಳಬಾರದಾ?" ಅವರ ಆರ್ಭಟಕ್ಕೆ ಕಾವಲುಗಾರ ಲಾಠಿ ಹಿಡಿದು ಬಂದ. ಅವರನ್ನು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಕಟ್ಟೆಯ ಮೇಲೆ ಕೂತು, ಎಷ್ಟೋ ತಿಂಗಳ ಮೇಲೆ ಬಾಯಿಬಿಟ್ಟು ಕೇಳಿದೆ. "ಅವರು ನಿಮಗೇನು ಮಾಡ್ಯಾರ್ರಿ ಕಾಕಾ? ನೀವು ಆ ಊರು ನೋಡಿಲ್ಲ, ಆ ಮಂದಿನ್ನ ನೋಡಿಲ್ಲ."

ಕಾಕಾ ಪ್ರಶ್ನೆಪತ್ರಿಕೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಮೆಲ್ಲಗೆ ಶುರು ಮಾಡಿದರು. ಅವರಿಂದ ಅಂಥ ದನಿ ನಾನು ಕೇಳಿರಲಿಲ್ಲ.

"ನಿಜಾಮನ ರಾಜ್ಯ ಮುಗಿಯೂ ವರ್ಷ, ಗದ್ದಲ ಆದಾಗ, ಮನೀಗೆ ಕೀಲಿ ಹಾಕ್ಕೊಂಡು ಸೊಲ್ಲಾಪುರಕ್ಕ ಓಡಿ ಹೋದ್ವಿ. ತಿರುಗಿ ಬಂದ್ರ ಮನ್ಯಾಗ ನೀರು ಕುಡಿಯಾಕ ಒಂದು ಚರಿಗಿ ಸುದ್ದಾ ಉಳಿದಿರಲಿಲ್ಲ. ಪರ ಊರವರು ಒಯ್ದಿದ್ರ ಮರೀತಿದ್ನೋ ಏನೋ. ಎಲ್ಲಾ ನಮ್ಮ ಓಣಿಯವರs. ನನ್ನ ತೊಟ್ಟಿಲು ಒಂದು ಮನ್ಯಾಗ ಕಂಡೆ. ನಾ ಕೂಸಿದ್ದಾಗ ದಿನಾ ಬಂದು ಅದರಾಗ ನನ್ನ ತೂಗಿ ಮಲಗಸ್ತಿದ್ದ ಬಾಜೂ ಮನಿ ಮುದುಕಿ, ಆಯಿ ಅಂತಿದ್ವಿ, ಆಕಿ ಮನ್ಯಾಗ. ನಾ ಓಡಿ ಹೋಗಿ 'ಆಯಿ' ಅಂದೆ. ಆಕಿ ಬಾಗಲಾ ಹಾಕ್ಕೊಂಡ್ಳು."

"ಆಗ ನಿಮಗೆಷ್ಟು ವಯಸ್ಸಾಗಿತ್ರಿ?"

"ಆರು."

ಅಫಜಲಪುರದ ಬಸ್ಸು ಬಂತು. ಜನ ನುಗ್ಗಿದರು. ಕಾಕಾ ಏಳಲಿಲ್ಲ, ನಾನೂ ಏಳಿಸಲಿಲ್ಲ. ಅವರ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು, ಮುಂದಿನ ಬಸ್ಸು ಬರುವ ತನಕ ಪಕ್ಕದಲ್ಲಿ ಕೂತಿದ್ದೆ.