ನಿಂಬೆಹಣ್ಣು ಕೇಳಿದ ಸರ್ವರ್

ಕೆಲವು ಕೆಲಸಗಳು ಕೆಟ್ಟಾಗ ಮಾತ್ರ ಜನರ ಕಣ್ಣಿಗೆ ಬೀಳುತ್ತವೆ. ಸಾರಿಗೆ ಉಪ್ಪು ಹಾಕುವುದು ಅಂಥದ್ದು. ನನ್ನ ನೌಕರಿಯೂ ಅಂಥದ್ದೇ. ಸಂಡೂರಿನ ಒಂದು ಗಣಿ ಕಂಪನಿಯ ಕಚೇರಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವನು ನಾನು. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಲ್ಲಿ ಏನು ಮಾಡುತ್ತೇನೆಂಬುದು ಹೆಂಡತಿಗೂ ಸರಿಯಾಗಿ ಗೊತ್ತಿಲ್ಲ. “ಎಸಿ ರೂಮಿನ್ಯಾಗ ಕುಂದುರ್ತಾರ” ಎಂದು ಕಂಪ್ಲಿಯ ತವರಿನಲ್ಲಿ ಹೇಳಿಕೊಂಡಿದ್ದಾಳೆ.

ಆ ರೂಮಿನಲ್ಲಿ ಎರಡು ದೊಡ್ಡ ಪೆಟ್ಟಿಗೆಗಳಿವೆ. ಸಂಬಳದ ಲೆಕ್ಕ, ಯಶವಂತನಗರದಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಲೆಕ್ಕ, ಎಲ್ಲಕ್ಕೂ ಈ ಪೆಟ್ಟಿಗೆಗಳೊಳಗೆ ಒಂದೊಂದು ವರ್ಚುವಲ್ ಸರ್ವರ್, ಅಂದರೆ ಬರೀ ಸಾಫ್ಟ್‌ವೇರಿನಲ್ಲೇ ಇರುವ ಕಂಪ್ಯೂಟರ್, ಓಡುತ್ತಿರುತ್ತದೆ. ಅವುಗಳ ಡೇಟಾ ಮಾತ್ರ ಎರಡಕ್ಕೂ ಸೇರಿದ ಒಂದೇ ಸ್ಟೋರೇಜಿನಲ್ಲಿದೆ. ಹೀಗಾಗಿ ಒಂದು ಪೆಟ್ಟಿಗೆಗೆ ರಿಪೇರಿ ಬಂದರೆ, ಅದರಲ್ಲಿ ಓಡುತ್ತಿರುವುದನ್ನು ನಿಲ್ಲಿಸದೆಯೇ ಇನ್ನೊಂದಕ್ಕೆ ದಾಟಿಸಬಹುದು. ಇದಕ್ಕೆ ಲೈವ್ ಮೈಗ್ರೇಷನ್ ಎನ್ನುತ್ತಾರೆ. ಯಾರಿಗೂ ಗೊತ್ತೇ ಆಗುವುದಿಲ್ಲ. ಅದೇ ನನ್ನ ದುಃಖ.

ಈ ಚಮತ್ಕಾರವನ್ನು ಮ್ಯಾನೇಜರ್ ಶ್ರೀನಿವಾಸಾಚಾರ್ಯರಿಗೆ ತೋರಿಸುವ ಹುಚ್ಚು ಒಮ್ಮೆ ನನಗೆ ಹತ್ತಿತು. ಮಧ್ಯಾಹ್ನ ಲಾರಿಗಳು ಸಾಲುಗಟ್ಟಿ ನಿಂತಿರುವಾಗಲೇ ಎಲ್ಲವನ್ನೂ ಎರಡನೇ ಪೆಟ್ಟಿಗೆಗೆ ದಾಟಿಸಿ, ಮೊದಲನೆಯದನ್ನು ಅವರೆದುರೇ ಆರಿಸಿದೆ. ವೇಬ್ರಿಡ್ಜಿನ ಹುಲುಗಪ್ಪನಿಗೆ ಫೋನ್ ಹಚ್ಚಿ, “ಏನರ ನಿಂತೈತೇನಪ್ಪಾ?” ಎಂದು ಕೇಳಿದೆ.

“ಇಲ್ರಿ ಸರ, ಲಾರಿ ಹೊಂಟಾವ. ಯಾಕ್ರಿ, ನಿಲ್ಲಬೇಕಿತ್ತೇನ್ರಿ?”

ನಾನು ಎದೆಯುಬ್ಬಿಸಿ ಆಚಾರ್ಯರತ್ತ ತಿರುಗಿದೆ. ಅವರು ಆರಿದ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದರು.

“ಅಂದ್ರ, ಇದು ಇಲ್ಲದಿದ್ರೂ ನಡೀತದ?”

“ಮಸ್ತ್ ನಡೀತದ್ರಿ ಸರ!”

“ಮತ್ತ ಇದನ್ನ್ಯಾಕ ಇಟ್ಟೀರಿ? ಕಮಲಾಪುರದ ಗೆಸ್ಟ್‌ಹೌಸಿಗೆ ಕಳಸ್ರಿ. ಅಲ್ಲಿ ಕಂಪ್ಯೂಟರ್ ಕೆಟ್ಟದಂತ.”

ಇನ್ನೊಂದು ಪೆಟ್ಟಿಗೆ ಕೆಟ್ಟ ದಿನ ಲಾರಿಗಳೆಲ್ಲ ನಿಲ್ಲುತ್ತವೆ, ಬೈಗುಳ ನನಗೆ ಬೀಳುತ್ತದೆ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ, “ಕೆಟ್ಟಾಗ ನೋಡೋಣಂತ” ಎಂದು ಎದ್ದು ಹೋದರು. ವಾದದಿಂದ ಕೆಲಸವಾಗುವುದಿಲ್ಲವೆಂದು ತಿಳಿದು ನಾಟಕಕ್ಕೆ ಇಳಿದೆ. “ಕಳಿಸೋ ಮುಂದ ಇನ್ನೊಮ್ಮೆ ದಾಟಿಸಿ ನೋಡಬೇಕ್ರಿ ಸರ, ಸ್ವಲ್ಪ ರಿಸ್ಕ್ ಐತಿ” ಎಂದು ಅವರನ್ನು ಒಪ್ಪಿಸಿದೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ, ಆರಿಸಿದ್ದ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿ, ಯಾರೂ ಬರುವ ಮೊದಲೇ ಎಲ್ಲವನ್ನೂ ಅದಕ್ಕೆ ದಾಟಿಸಿ ಮುಗಿಸಿಬಿಟ್ಟೆ. ಆಮೇಲೆ ಪೆಟ್ಟಿಗೆಯ ಮುಂದೆ ನಿಂಬೆಹಣ್ಣು ಇಟ್ಟು, ಊದುಬತ್ತಿಯನ್ನು ಮಾತ್ರ ಹೊಗೆಯ ಅಲಾರಮ್ಮಿಗೆ ಹೆದರಿ ಹಚ್ಚದೇ ಸಿಕ್ಕಿಸಿದೆ. ಕಚೇರಿಯವರನ್ನೆಲ್ಲ ಕರೆದು, “ಯಾರೂ ಮೌಸ್ ಮುಟ್ಟಬ್ಯಾಡ್ರಿ, ಜೋರಾಗಿ ಮಾತಾಡಬ್ಯಾಡ್ರಿ” ಎಂದೆ. ಲೆಕ್ಕಪತ್ರದ ಶಾರದಾ ಮೇಡಂ ಚಪ್ಪಲಿಯನ್ನೂ ಹೊರಗೆ ಬಿಟ್ಟು ಬಂದರು. ನಾನು ಹಣೆ ಒರೆಸಿಕೊಳ್ಳುತ್ತ, ಯಾವುದಕ್ಕೂ ಸಂಬಂಧವಿಲ್ಲದ ಒಂದು ಕೀಲಿಯನ್ನು ಕಣ್ಣು ಮುಚ್ಚಿ ಒತ್ತಿದೆ.

“ದಾಟಿತೇನ್ರಿ?” ಆಚಾರ್ಯರ ದನಿ ಪಿಸುಗುಟ್ಟುವಷ್ಟು ಇಳಿದಿತ್ತು.

“ದಾಟಿತ್ರಿ ಸರ. ಕೂದಲೆಳಿಯಷ್ಟರಾಗ ಉಳೀತು.”

“ಭಾಳ ಡೇಂಜರ್ ಕೆಲಸರೀ ನಿಮ್ದು! ಇದರ ತಂಟಿ ಬ್ಯಾಡ, ಎರಡೂ ಇಲ್ಲೇ ಇರ್ಲಿ.”

ಪೆಟ್ಟಿಗೆ ಉಳಿಯಿತು, ನನ್ನ ಮರ್ಯಾದೆಯೂ ಹೆಚ್ಚಿತು. ಆದರೆ ಅಂದಿನಿಂದ ಪ್ರತಿ ಮೈಗ್ರೇಷನ್ನಿಗೂ ಇಡೀ ಕಚೇರಿ ನೆರೆಯುತ್ತದೆ. ಮುಗಿದ ಮೇಲೆ ಮಂಡಕ್ಕಿ, ಮಿರ್ಚಿಯ ಸಮಾರಾಧನೆ. ಈ ಗದ್ದಲ ಸಾಕಾಗಿ, ಮೊನ್ನೆ ರಜೆಯ ದಿನ ಒಬ್ಬನೇ ಹೋಗಿ ವೇಬ್ರಿಡ್ಜಿನ ಸರ್ವರನ್ನು ಸದ್ದಿಲ್ಲದೆ ದಾಟಿಸತೊಡಗಿದೆ. ಅದು ಇನ್ನೇನು ಮುಗಿಯಿತು ಎನ್ನುವಲ್ಲಿಗೆ ಬಂದು ನಿಂತುಬಿಟ್ಟಿತು. ಕಾರಣ ನನಗೆ ಚೆನ್ನಾಗಿ ಗೊತ್ತು: ಕಚೇರಿಗೆ ರಜೆಯಾದರೂ ಅಂದು ಲಾರಿಗಳ ಭರಾಟೆ ಹೆಚ್ಚು, ಸರ್ವರಿನ ಮೆಮೊರಿಯನ್ನು ಇನ್ನೊಂದು ಪೆಟ್ಟಿಗೆಗೆ ನಕಲು ಮಾಡಿ ಮುಗಿಸುವಷ್ಟರಲ್ಲಿ ಅದು ಮತ್ತೆ ಬದಲಾಗುತ್ತಿತ್ತು. ಸುಮ್ಮನೆ ಕಾದರೆ ಸಾಕು. ಇದನ್ನು ಹೊಸಬರಿಗೆ ನಾನೇ ಪಾಠ ಮಾಡಿದ್ದೇನೆ.

ಆದರೂ ಕಾಲು ತಾನಾಗಿ ಕೆಳಗಿನ ಅಂಗಡಿಯತ್ತ ನಡೆಯಿತು. “ಹೊಸ ಗಾಡಿ ತಗೊಂಡ್ರೇನ್ರಿ?” ಎಂದು ನಗುತ್ತ ಅಂಗಡಿಯವನು ನಿಂಬೆಹಣ್ಣು ಕೊಟ್ಟ. ಹಿಂತಿರುಗಿ ನೋಡಿದರೆ ಎಲ್ಲ ತಾನಾಗಿ ದಾಟಿ ಮುಗಿದಿತ್ತು. ಹಣ್ಣು ಬೇಕಾಗಲೇ ಇಲ್ಲ. ವಿಜ್ಞಾನವೇ ಗೆದ್ದಿತೆಂದು ನಿಟ್ಟುಸಿರುಬಿಟ್ಟು, ಅದನ್ನು ಪೆಟ್ಟಿಗೆಯ ಹಿಂಬದಿಯಲ್ಲಿ, ಯಾರಿಗೂ ಕಾಣದಂತೆ ಇಟ್ಟು ಬಂದೆ.