ದೊಡ್ಡಕ್ಕನೂ ನಲವತ್ತೆಂಟು ವೋಲ್ಟಿನ ಗಾಡಿಯೂ

ವೇಣೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡವನು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ. ಇನ್ವರ್ಟರಿಗೆ ಡಿಸ್ಟಿಲ್ಡ್ ವಾಟರ್ ಬದಲು ಎಳನೀರು ಹೊಯ್ದು, "ಅದಕ್ಕಿಂತ ಶುದ್ಧ ಎಂತ ಉಂಟು?" ಎಂದು ನನ್ನನ್ನೇ ಕೇಳಿದವರಿದ್ದಾರೆ. ಸೋಲಾರ್ ಬಂದ ಕಾಲವಲ್ಲವೇ ಎಂದು ಸ್ಕೂಟರಿನ ಬ್ಯಾಟರಿಯನ್ನು ಹಪ್ಪಳದ ಪಕ್ಕ ಬಿಸಿಲಿಗೆ ಒಣಗಿಸಿದವರಿದ್ದಾರೆ. ಆದರೆ ಒಂದೇ ಗಾಡಿ ಇಷ್ಟು ಸಲ ನಗಿಸಿದ್ದು, ನಡುವೆ ನನ್ನ ನಿದ್ದೆಯನ್ನೂ ಕೆಡಿಸಿದ್ದು, ವಾಮದಪದವಿನ ಮದುವೆ ಹಾಲಿನ ಗಾಲ್ಫ್ ಗಾಡಿ ಮಾತ್ರ.

ಲಿಂಬೆಹಣ್ಣು

ಹಾಲ್ ಇರುವುದು ಗುಡ್ಡದ ಮೇಲೆ. ಗಲ್ಫಿನಲ್ಲಿ ಹೋಟೆಲ್ ನಡೆಸಿ ಊರಿಗೆ ಬಂದವರು ಕಟ್ಟಿಸಿದ್ದು. ಅವರನ್ನು ಎಲ್ಲರೂ ಧಣಿಗಳು ಎನ್ನುವುದು, ನಾನೂ ಹಾಗೇ ಎನ್ನುತ್ತೇನೆ. ಏರುದಾರಿಯ ಬುಡದಲ್ಲಿ ಗೇಟಿಗೆಂದು ಅವರು ಎರಡು ಕೆತ್ತನೆಯ ಕಲ್ಲುಕಂಬ ನಿಲ್ಲಿಸಿದರು. ಊರೆಲ್ಲ ಬಂದು ನೋಡಿ ಹೊಗಳಿದ ಮೇಲೆ ಗೊತ್ತಾಯಿತು, ಕಂಬಗಳ ನಡುವೆ ಕಾರು ಹಿಡಿಸುವುದಿಲ್ಲ. ಕಂಬ ಕೀಳಲು ಧಣಿಗಳಿಗೆ ಮನಸ್ಸಾಗಲಿಲ್ಲ. ಕಾರಿಗಿಂತ ಸಪೂರದ ಗಾಡಿ ಯಾವುದೆಂದು ಹುಡುಕಿ, ಹಳೆಯದೊಂದು ಗಾಲ್ಫ್ ಗಾಡಿ ತರಿಸಿದರು. ಮುಂದೆ ಇಬ್ಬರಿಗೆ ಸೀಟು, ಹಿಂದೆ ಇಬ್ಬರಿಗೆ. ಹಿಂದಿನವರು ಹಿಂದಕ್ಕೇ ಮುಖ ಮಾಡಿ ಕೂರಬೇಕು.

ನನ್ನನ್ನು ಕರೆದದ್ದು ಗಾಡಿಯ ಪೂಜೆಗೆ. ಭಟ್ರು ಕುಂಕುಮ ಹಚ್ಚಿ, ಹಾರ ಹಾಕಿ, ನಾಲ್ಕು ಚಕ್ರದಡಿಗೂ ಒಂದೊಂದು ಲಿಂಬೆಹಣ್ಣು ಇಟ್ಟರು. ಧಣಿಗಳು ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು. ಗಾಡಿಯೊಳಗೆ ಟಕ್ ಎಂದಿತು. ಇನ್ನೊಮ್ಮೆ ಒತ್ತಿದರು, ಇನ್ನೊಮ್ಮೆ ಟಕ್. ಗಾಡಿ ಸ್ವಲ್ಪ ಮುಂದೆ ಬಾಗಿ, ಲಿಂಬೆಹಣ್ಣಿಗೆ ತಾಗಿ, ಮರ್ಯಾದೆಯಿಂದ ಹಿಂದೆ ಸರಿಯಿತು.

"ಎಂತ ಇದು?" ಎಂದು ಧಣಿಗಳು ನನ್ನ ಮುಖ ನೋಡಿದರು.

"ಮೂವತ್ತಾರು ವೋಲ್ಟು ಧಣಿ. ಸಮ ಜಾಗದಲ್ಲಿ ಚೆಂಡಿನ ಹಿಂದೆ ಹೋಗಲಿಕ್ಕೆ ಮಾಡಿದ ಗಾಡಿ. ಬ್ಯಾಟರಿಯೂ ಮುದಿಯಾಗಿದೆ."

ಭಟ್ರು ಬಗ್ಗಿ ಲಿಂಬೆಹಣ್ಣುಗಳನ್ನು ಹೆಕ್ಕಿಕೊಂಡರು. "ಗಾಯ ಆಗಲಿಲ್ಲ," ಎಂದರು, "ನಾಳೆ ಇನ್ನೊಂದು ಗಾಡಿಯ ಪೂಜೆ ಉಂಟು."

ಬ್ಯಾಟರಿಗೆ ಸೀಟು

ಧಣಿಗಳಿಗೆ ಅವಸರವಿತ್ತು. ಅವರ ಅಕ್ಕನ ಮಗಳ ಮಗಳಿಗೆ ಮದುವೆ ನಿಶ್ಚಯವಾಗಿತ್ತು, ಅದೇ ಹಾಲಿನಲ್ಲಿ. ಆ ಅಕ್ಕನನ್ನು ಇಡೀ ಊರು ದೊಡ್ಡಕ್ಕ ಎನ್ನುತ್ತದೆ. ಆ ಮನೆಯಲ್ಲಿ ಧಾರೆಯ ಹೊತ್ತಿಗೆ ನೀರೆರೆಯುವ ಗಿಂಡಿಗೆ ಮೊದಲು ತಾಗಬೇಕಾದ ಕೈ ಮನೆಯ ಹಿರಿಯ ಹೆಂಗಸಿನದು, ಅಂದರೆ ದೊಡ್ಡಕ್ಕನದು. ಅವರ ಎರಡು ಮೊಣಕಾಲೂ ಮಡಚುವುದಿಲ್ಲ. ಆ ಏರು ಹತ್ತುವ ಮಾತೇ ಇಲ್ಲ.

ಅಡಿಗೆಮನೆಗೆ ಸಾಮಾನು ತರುವ ದಾರಿ ಹಿಂದಿನಿಂದ ಉಂಟು, ಅದರಲ್ಲಿ ಕಾರು ಹೋಗುತ್ತದೆ ಎಂದು ಯಾರೋ ಹೇಳಿದರು. ದೊಡ್ಡಕ್ಕ ಒಪ್ಪಲಿಲ್ಲ. "ನಾನೆಂತ ತೆಂಗಿನಕಾಯಿ ಮೂಟೆಯಾ, ಹಿಂದಿನಿಂದ ಬರಲಿಕ್ಕೆ?" ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋಗುವ ಎಂದರೆ ಅದಕ್ಕೂ ಇಲ್ಲ. "ನಾಲ್ಕು ಜನ ಹೊರುವ ದಿನ ಬರ್ತದೆ. ಅದಕ್ಕೆ ಈಗಲೇ ಅವಸರ ಏನು?"

ಉಳಿದದ್ದು ಗಾಡಿ. ನಾನು ಹೇಳಿದೆ, "ನಲವತ್ತೆಂಟು ವೋಲ್ಟು ಮಾಡುವ. ಮತ್ತೆ ಹತ್ತುತ್ತದೆ."

ಧಣಿಗಳು ಲೆಕ್ಕದಲ್ಲಿ ಹುಷಾರು. "ಈಗ ಆರು ವೋಲ್ಟಿನದ್ದು ಆರು ಬ್ಯಾಟರಿ ಉಂಟಲ್ಲ, ಅದೇ ಜಾತಿಯದ್ದು ಇನ್ನೆರಡು ಇಡುವ. ನಲವತ್ತೆಂಟು ಆಯಿತು."

"ಲೆಕ್ಕ ಸರಿ ಧಣಿ. ಇಡುವುದು ಎಲ್ಲಿ?"

"ಹಿಂದಿನ ಸೀಟಿನಲ್ಲಿ."

"ಆಗ ಜನ ಎಲ್ಲಿ ಕೂರುವುದು?"

ಧಣಿಗಳು ಗಡ್ಡ ತುರಿಸಿಕೊಂಡರು. "ಜನ ನಡೆದು ಬರಲಿ. ಗಾಡಿ ಹತ್ತುತ್ತದೆ ಅಂತ ಮೊದಲು ಗೊತ್ತಾಗಲಿ."

ಗ್ಯಾಸ್

ಕೊನೆಗೆ ಹಳೆಯ ಆರನ್ನೂ ತೆಗೆದು, ಅದೇ ಜಾಗದಲ್ಲಿ ಎಂಟು ವೋಲ್ಟಿನ ಆರು ಕೂರಿಸಿದೆ. ಅವು ಮಂಗಳೂರಿನಿಂದ ಮೂಡುಬಿದಿರೆಗೆ ಬಂದು, ಅಲ್ಲಿಂದ ನನ್ನ ಓಮ್ನಿಯಲ್ಲಿ ಬಂದವು. ವೋಲ್ಟು ಏರಿಸುವುದೆಂದರೆ ಬ್ಯಾಟರಿ ಬದಲಿಸಿದರೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಮೋಟರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರ್ ಬದಲಿಸಬೇಕು, ಚಾರ್ಜರ್ ಬದಲಿಸಬೇಕು, ಟಕ್ ಎನ್ನುವ ಆ ದೊಡ್ಡ ಸ್ವಿಚ್ಚೂ ಬೇರೆ ಹಾಕಬೇಕು. ಲೈಟು, ಹಾರ್ನು ಸುಟ್ಟುಹೋಗದಂತೆ ವೋಲ್ಟು ಇಳಿಸುವ ಪೆಟ್ಟಿಗೆಯೊಂದನ್ನು ಕೂರಿಸಬೇಕು. ಇಷ್ಟೆಲ್ಲ ಮಾಡಿದೆ. ರಿವರ್ಸ್ ಹಾಕಿದಾಗ ಕೂಗುವ ಬಜರ್ ಒಂದನ್ನು ಮರೆತೆ. ಅದಕ್ಕೆ ನೇರ ನಲವತ್ತೆಂಟು ಹೋಯಿತು.

ಹಾಲಿನ ಅಂಗಳದಲ್ಲಿ ಗಾಡಿಯನ್ನು ಮೊದಲ ಸಲ ಹಿಂದೆ ತೆಗೆದೆ. ಆ ಕೂಗಿಗೆ ತೆಂಗಿನಮರದ ಕಾಗೆಗಳೆಲ್ಲ ಎದ್ದವು. ಮರುಕ್ಷಣ ಅಡಿಗೆಮನೆಯ ಬಾಗಿಲು ತೆರೆದು ಅಡಿಗೆಯವರೆಲ್ಲ ಹೊರಗೆ ಓಡಿ ಬಂದರು. ಅಲ್ಲಿ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಒಂದುಂಟು, ಅದರ ಸ್ವರವೂ ಇದರ ಸ್ವರವೂ ಒಂದೇ. ಒಬ್ಬನ ಕೈಯಲ್ಲಿ ಸೌಟು, ಇನ್ನೊಬ್ಬನ ಕೈಯಲ್ಲಿ ಅರ್ಧ ಹೆಚ್ಚಿದ ಕುಂಬಳ. ಎಲ್ಲರಿಗಿಂತ ಮುಂದೆ ದೊಡ್ಡ ಅಡಿಗೆಯವರು, ಎದೆಗೆ ಗೇರುಬೀಜದ ಡಬ್ಬಿ ಅವುಚಿಕೊಂಡು.

"ಗ್ಯಾಸ್ ಅಲ್ಲ, ಗಾಡಿ," ಎಂದೆ. ಅವರು ನನ್ನನ್ನು ಬೈದ ರೀತಿ ಇಲ್ಲಿ ಬರೆಯುವಂಥದ್ದಲ್ಲ. ಸಮಾಧಾನವಾದ ಮೇಲೆ ಕೇಳಿದೆ, "ಅಲ್ಲ ಮಾರಾಯ್ರೆ, ಜೀವ ಉಳಿಸಿಕೊಂಡು ಓಡುವಾಗ ಡಬ್ಬಿ ಯಾಕೆ?"

"ಜೀವ ನನ್ನದು," ಎಂದರು ಅವರು. "ಗೇರುಬೀಜ ಮದುವೆಯವರದ್ದು. ಅವರಿಗೆ ಉತ್ತರ ಹೇಳಬೇಕಲ್ಲ?"

ಬಜರ್ ಬದಲಿಸಿಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟೆ. ಆಮೇಲೆ, ಮದುವೆಯ ದಿನ ಗಾಡಿ ಮುಂದೆ ಹೋದರೆ ಸಾಕಲ್ಲ, ಹಿಂದೆ ಹೋಗುವ ಕೆಲಸ ಏನುಂಟು ಎಂದು ಹಾಗೇ ಬಿಟ್ಟೆ.

ಕಂಬಳ

ಮದುವೆಗೆ ಮೊದಲು ದೊಡ್ಡಕ್ಕನನ್ನು ಒಮ್ಮೆ ಕೂರಿಸಿ ನೋಡುವ ಎಂದು ಧಣಿಗಳು ಕರೆತಂದರು. ಮುಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಹಿಂದಿನ ಸೀಟು ಅವರಿಗೇ ಅಳತೆ ತೆಗೆದು ಮಾಡಿದ ಹಾಗಿತ್ತು. ಕಾಲು ನೀಟಾಗಿ ಚಾಚಿ, ಸೆರಗು ಸರಿಮಾಡಿಕೊಂಡು, "ಹೂಂ, ಬಿಡು," ಎಂದರು.

ಧಣಿಗಳೇ ಪೆಡಲ್ ಒತ್ತಿದರು. ಮೊದಲು ಲಿಂಬೆಹಣ್ಣಿಗೆ ಹೆದರಿದ ಗಾಡಿ ಈಗ ಛಂಗನೆ ನೆಗೆಯಿತು. ಏರಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವರ ಗತಿ ಏನೆಂದು ನಾನಾಗಲಿ ಧಣಿಗಳಾಗಲಿ ಯೋಚಿಸಿರಲಿಲ್ಲ. ದೊಡ್ಡಕ್ಕ ಸೀಟಿನ ತುದಿಗೆ ಜಾರಿದರು. ಪಕ್ಕದಲ್ಲೇ ಓಡುತ್ತಿದ್ದ ನಾನು ಅವರ ತೋಳು ಹಿಡಿದು ಬೊಬ್ಬೆ ಹಾಕಿದೆ. ಅರ್ಧ ಏರಿನಲ್ಲಿ ಗಾಡಿ ನಿಂತಿತು.

ದೊಡ್ಡಕ್ಕ ಇಳಿದು, ಸೆರಗು ಕೊಡವಿದರು. "ನಾನು ಹೊರಟದ್ದು ಮದುವೆಗೆ, ಕಂಬಳಕ್ಕಲ್ಲ," ಎಂದು ತಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿದರು. "ಅಲ್ಲ, ಅಜ್ಜಿ ಬಂದಳೆಂದು ಮೇಲೆ ಜನ ಎದ್ದು ನಿಂತಾಗ ನಾನು ಗೇಟಿಗೆ ಕೈಮುಗಿಯುವುದಾ? ಬೇಡಪ್ಪ. ಮನೆಯಲ್ಲೇ ಕೂತು ಆಶೀರ್ವಾದ ಮಾಡ್ತೇನೆ."

ನನ್ನ ಹೆಗಲು ಹಿಡಿದು ಮೆಲ್ಲ ನಡೆದೇ ಇಳಿದರು. ಅಜ್ಜಿ ಬರುವುದಿಲ್ಲವೆಂದು ಕೇಳಿ ಮದುಮಗಳು ಊಟ ಬಿಟ್ಟಳಂತೆ. ನನಗೆ ಬಹಳ ಬೇಸರವಾಯಿತು. ವೇಗ ತಗ್ಗಿಸಿದೆ, ಸೀಟಿಗೆ ಬೆಲ್ಟು ಹಾಕಿದೆ. ಧಣಿಗಳು ಅಕ್ಕನಿಗೆ ಅದನ್ನು ವಿವರಿಸಲು ಹೋದರು. "ಬೆಲ್ಟು ಹಾಕಿ ಕಟ್ಟಿದ ಮೇಲೆ ಮೂಟೆಗೂ ನನಗೂ ವ್ಯತ್ಯಾಸ ಎಂತ?" ಎಂದರಂತೆ ದೊಡ್ಡಕ್ಕ.

ಧಾರೆ

ಮದುವೆಯ ದಿನ ಗಾಡಿ ನಡೆಸುವ ಕೆಲಸ ನನಗೆ ಬಂತು. ಧಣಿಗಳಿಗೆ ಮಂಟಪ ಬಿಟ್ಟು ಬರುವಂತಿರಲಿಲ್ಲ. ದೊಡ್ಡಕ್ಕ ಬಂದಾರೋ ಇಲ್ಲವೋ ಎಂದು ಕಂಬದ ಹತ್ತಿರ ಕಾಯುತ್ತ ನಿಂತಿದ್ದೆ. ಮುಹೂರ್ತ ಹತ್ತಿರ ಬಂದಾಗ ಕಾರು ಬಂತು. ಜರಿಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ದೊಡ್ಡಕ್ಕ ಇಳಿದರು. "ಕಾರಿನಲ್ಲಿ ಗೇಟಿನವರೆಗೆ ಬರ್ತೇನೆ ಅಂತ ಆ ಹುಡುಗಿಗೆ ಹೇಳಿದ್ದೇನೆ. ಗೇಟು ಬಂತು," ಎಂದರು. ಆಮೇಲೆ ಏರಿನ ತುದಿ ನೋಡಿದರು. ಮೇಲಿನಿಂದ ವಾಲಗ ಕೇಳುತ್ತಿತ್ತು. ಅವರ ಮುಖ ನೋಡಿದರೆ ಮನಸ್ಸು ಆಗಲೇ ಮೇಲೆ ಹೋಗಿದೆ, ಕಾಲು ಮಾತ್ರ ಇಲ್ಲಿ ಉಳಿದಿದೆ ಎಂದು ಗೊತ್ತಾಗುತ್ತಿತ್ತು. ಕೊನೆಗೆ ಅವರೇ ಹೋಗಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು.

ಫೋನು ರಿಂಗಾಯಿತು. ಧಣಿಗಳು. "ಎಲ್ಲಿದ್ದೀರಿ? ಭಟ್ರು ಗಿಂಡಿ ಎತ್ತಿದರು."

ನಾನು ಸೀಟಿಗೆ ಹಾರಿದೆ.

"ನಿಲ್ಲು," ಎಂದರು ದೊಡ್ಡಕ್ಕ. "ಗಾಡಿ ತಿರುಗಿಸು."

"ತಿರುಗಿಸಿದರೆ ಗಾಡಿ ರಸ್ತೆಗೆ ಮುಖ ಮಾಡ್ತದೆ ಅಕ್ಕ."

"ಗಾಡಿ ಎಲ್ಲಿಗೆ ಬೇಕಾದರೂ ಮುಖ ಮಾಡಲಿ. ನಾನು ಮದುವೆಗೆ ಮುಖ ಮಾಡ್ತೇನೆ."

ಆಗ ನನ್ನ ತಲೆಗೆ ಹೊಳೆಯಿತು. ರಿವರ್ಸ್‌ನಲ್ಲಿ ಏರಿದರೆ ಅವರು ಜಾರುವುದಿಲ್ಲ, ಸೀಟಿಗೇ ಒರಗುತ್ತಾರೆ. ಹೊಸ ಕಂಟ್ರೋಲರ್ ರಿವರ್ಸ್‌ನಲ್ಲಿ ಅರ್ಧ ವೇಗಕ್ಕಿಂತ ಹೆಚ್ಚು ಬಿಡುವುದೂ ಇಲ್ಲ. ಗಾಡಿ ತಿರುಗಿಸಿ, ಕುತ್ತಿಗೆ ಹಿಂದಕ್ಕೆ ಹೊರಳಿಸಿ, ರಿವರ್ಸ್ ಹಾಕಿದೆ. ಹಾಕಿದ ಮೇಲೆ ಬಜರ್ ನೆನಪಾಯಿತು.

ಆ ಕೂಗು ಗುಡ್ಡವನ್ನೇ ತುಂಬಿತು. ದೊಡ್ಡಕ್ಕ ಕದಲಲಿಲ್ಲ. ಕಾಲು ಚಾಚಿ, ಬೆನ್ನು ನೆಟ್ಟಗೆ ಮಾಡಿ, ಮದುವೆಗೆ ಮುಖ ಮಾಡಿ ಮೆಲ್ಲಮೆಲ್ಲನೆ ಏರಿದರು. ವಾಲಗದವರು ಮೊದಲು ತಡವರಿಸಿದರು. ಆಮೇಲೆ ಡೋಲಿನವನು ಬಜರಿನ ಕೂಗಿಗೇ ಪೆಟ್ಟು ಹೊಂದಿಸಿಕೊಂಡ. ಅಷ್ಟರಲ್ಲಿ ಅಡಿಗೆಮನೆಯಿಂದ ಎಲ್ಲರೂ ಓಡಿ ಬಂದರು, ಸೌಟು ಹಿಡಿದವರು, ಜಾಲರಿ ಹಿಡಿದವರು, ಮುಂದೆ ಗೇರುಬೀಜದ ಡಬ್ಬಿ. ಗಾಡಿ ಕಂಡು ಏನು ಮಾಡುವುದೆಂದು ತೋಚದೆ ದಾರಿಯ ಬದಿಯಲ್ಲಿ ಸಾಲಾಗಿ ನಿಂತುಬಿಟ್ಟರು. ಇದೂ ಸ್ವಾಗತದ ಏರ್ಪಾಡು ಎಂದುಕೊಂಡು ಸಭೆ ಎದ್ದು ನಿಂತಿತು. ದೊಡ್ಡಕ್ಕ ಒಬ್ಬೊಬ್ಬರನ್ನೂ ನೋಡಿ ಕೈಮುಗಿದರು, ಗೇರುಬೀಜದ ಡಬ್ಬಿಗೂ.

ಬಾಗಿಲಲ್ಲಿ ಬೆಲ್ಲ ನೀರು ಕುಡಿದು, ತಮ್ಮನ ಕೈ ಹಿಡಿದು ಮಂಟಪಕ್ಕೆ ಹೋದರು. ಗಿಂಡಿಗೆ ಮೊದಲು ತಾಗಿದ್ದು ಅವರ ಕೈಯೇ. ಮದುಮಗಳು ಅಳುತ್ತ ನಗುತ್ತಿದ್ದಳು. ನಾನು ಕುತ್ತಿಗೆ ಉಳುಕಿ ಒಂದೇ ಕಡೆ ನೋಡುತ್ತಿದ್ದೆ, ಆದರೂ ನನಗೂ ಕಣ್ಣು ತುಂಬಿತು.

ಊಟದ ಹೊತ್ತಿಗೆ ದೊಡ್ಡಕ್ಕ ನನ್ನನ್ನು ಹತ್ತಿರ ಕರೆದು ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು.

"ಗಾಡಿ ಲಾಯ್ಕ ಮಾಡಿದ್ದಿ," ಎಂದರು. ನಾನು ಹಿಗ್ಗಿದೆ. ಅವರು ಪಾಯಸದಲ್ಲಿ ಗೇರುಬೀಜ ಹುಡುಕುತ್ತ ಮುಂದುವರಿಸಿದರು. "ಆದರೆ ಅದು ಮುಂದೆ ಹೋಗುವುದು ಉಂಟಲ್ಲ, ಅದನ್ನೊಂದು ತೆಗೆದುಬಿಡು. ಯಾರಾದರೂ ಬಿದ್ದಾರು."